ಹಸುಗೂಸಿಗೆ ಓದು ಕಲಿಸಬೇಕೇ?

ನೆಂಟರ ಮನೆಯ ಅಕೀಕದ ಊಟಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಒಳಕೋಣೆಯಲ್ಲಿ ಹೆಂಗಸರು ಸುತ್ತ ಕುಳಿತಿದ್ದರು. ನಡುವೆ ಚಾಪೆಯ ಮೇಲೆ ಹದಿನಾಲ್ಕು ತಿಂಗಳ ಒಂದು ಮಗು. ಅದರ ತಾಯಿ ಒಂದೊಂದಾಗಿ ಕಾರ್ಡು ಎತ್ತಿ ಹಿಡಿಯುತ್ತಿದ್ದರು. ಬಿಳಿ ಕಾರ್ಡಿನ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಪದಗಳು. ‘ನೋಸ್’ ಎಂದು ಬರೆದ ಕಾರ್ಡು ಬಂದಾಗ ಮಗು ಮೂಗು ಮುಟ್ಟಿಕೊಂಡಿತು. ‘ಕ್ಲ್ಯಾಪ್’ ಎಂಬ ಕಾರ್ಡಿಗೆ ಚಪ್ಪಾಳೆ ತಟ್ಟಿತು. ಕೂತವರೆಲ್ಲ "ಮಾಶಾ ಅಲ್ಲಾಹ್" ಎಂದರು. ಮೂಲೆಯಲ್ಲಿ ಎರಡು ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬ ಅಜ್ಜಿ ನನ್ನ ಕಡೆ ಬಾಗಿ, "ನಮ್ಮವನಿಗೆ ಅಲಿಫ್ ಕೂಡ ಗೊತ್ತಿಲ್ಲ ಮಗಳೇ. ನಾವು ತಡ ಮಾಡಿಬಿಟ್ಟೆವಾ?" ಎಂದು ಕೇಳಿದರು.

"ಇಲ್ಲ ಉಮ್ಮಾ, ಏನೂ ತಡವಾಗಿಲ್ಲ" ಎಂದೆ. ಅವರ ಮುಖ ನೋಡಿದರೆ ನನ್ನ ಮಾತನ್ನು ನಂಬಿದಂತೆ ಕಾಣಲಿಲ್ಲ. ಎದುರಿಗೆ ಮಗು ಓದುತ್ತಿರುವಾಗ ಬಾಯಿಮಾತಿನ ಸಮಾಧಾನಕ್ಕೆ ಬೆಲೆ ಎಲ್ಲಿದೆ? ಆದ್ದರಿಂದ ಅಂದು ಒಂದೇ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಒಂದು ಹಸುಗೂಸಿದ್ದರೆ, ಫೋನಿನಲ್ಲಿ ಇಂಥ ಕಾರ್ಡುಗಳ ಜಾಹೀರಾತು ನಿಮಗೂ ಬಂದೇ ಇರುತ್ತದೆ.

ಕಾರ್ಡಿನಿಂದ ಮಗು ಕಲಿಯುವುದೇನು?

ಆ ತಾಯಿ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಮಗು ಕಾರ್ಡನ್ನು ನಿಜವಾಗಿಯೂ ಗುರುತಿಸಿತ್ತು. ಒಂದು ವರ್ಷದ ಮಗುವಿನ ನೆನಪು ನಾವು ತಿಳಿದಿರುವುದಕ್ಕಿಂತ ಗಟ್ಟಿ. ತಂದೆಯ ಬೈಕಿನ ಸದ್ದು, ಅಜ್ಜಿಯ ಎಲೆಯಡಿಕೆ ಚೀಲ, ಬಿಸ್ಕತ್ತಿನ ಪೊಟ್ಟಣದ ಬಣ್ಣ ಎಲ್ಲವೂ ಅದಕ್ಕೆ ಗೊತ್ತು. ಆದರೆ ಪೊಟ್ಟಣ ಕಂಡು ಕೈಚಾಚುವ ಮಗು ಅದರ ಮೇಲಿನ ಹೆಸರನ್ನು ಓದಿತೆಂದು ನಾವು ಯಾರೂ ಹೇಳುವುದಿಲ್ಲ. ಕಾರ್ಡಿನಲ್ಲಿ ನಡೆಯುವುದೂ ಅದೇ. ಒಂದು ಆಕಾರ ಕಂಡಾಗ ಒಂದು ಕೆಲಸ ಮಾಡಿದರೆ ಅಮ್ಮ ನಗುತ್ತಾಳೆ, ಎತ್ತಿ ಮುದ್ದಾಡುತ್ತಾಳೆ ಎಂಬುದು ಮಗುವಿಗೆ ತಿಳಿದಿದೆ.

ಓದು ಎಂದರೆ ಬೇರೆ. ಈ ಗುರುತಿಗೆ ಈ ಧ್ವನಿ ಎಂದು ತಿಳಿದು, ಧ್ವನಿಗಳನ್ನು ಕೂಡಿಸಿ, ಹಿಂದೆಂದೂ ನೋಡದ ಪದವನ್ನೂ ಬಾಯಿಗೆ ತಂದು, ಅದರ ಅರ್ಥ ಹಿಡಿಯುವುದು. ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ಮಗು ‘ಸರ’ ಎಂಬ ಕಾರ್ಡನ್ನು ಓದುತ್ತದೆ ಎಂದಿಟ್ಟುಕೊಳ್ಳಿ. ಅದೇ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ, ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ರಸ’ ಎಂದು ಬರೆದು ತೋರಿಸಿ. ಓದು ಬಂದ ಮಗು ನಿಧಾನವಾಗಿಯಾದರೂ ಅದನ್ನು ಓದುತ್ತದೆ. ಕಾರ್ಡನ್ನು ಗುರುತಿಸುವ ಮಗು ‘ಸರ’ ಎನ್ನುತ್ತದೆ, ಇಲ್ಲವೇ ಸುಮ್ಮನೆ ನಿಮ್ಮ ಮುಖ ನೋಡುತ್ತದೆ.

ಮಗುವಿನ ಮುಖ ಬಾಡುವ ಹಾಗೆ ಈ ಪರೀಕ್ಷೆ ಮಾಡಬೇಡಿ. ಇದು ನಿಮ್ಮ ತಿಳಿವಳಿಕೆಗೆ ಮಾತ್ರ.

ಈ ವ್ಯಾಪಾರ ಹೇಗೆ ಬೆಳೆಯಿತು?

ಕೂಸಿಗೆ ಓದು ಕಲಿಸುವ ಹುಮ್ಮಸ್ಸು ಶುರುವಾದದ್ದು ಅಮೆರಿಕದಲ್ಲಿ. ಫಿಲಡೆಲ್ಫಿಯಾದ ಗ್ಲೆನ್ ಡೊಮನ್ ಎಂಬವರು ಅಂಗಮರ್ದನ ಮತ್ತು ವ್ಯಾಯಾಮ ಚಿಕಿತ್ಸೆಯ, ಅಂದರೆ ಫಿಸಿಯೋಥೆರಪಿಯ ಕ್ಷೇತ್ರದವರು. ಮೆದುಳಿಗೆ ಪೆಟ್ಟಾದ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಅವರು 1964ರಲ್ಲಿ ಕೂಸುಗಳಿಗೆ ಓದು ಕಲಿಸುವ ಬಗ್ಗೆ ಒಂದು ಪುಸ್ತಕ ಬರೆದರು. ದೊಡ್ಡ ಕೆಂಪು ಅಕ್ಷರದ ಕಾರ್ಡುಗಳನ್ನು ಬೇಗ ಬೇಗ ತೋರಿಸುತ್ತಾ ಹೋಗುವ ಪದ್ಧತಿ ಅವರದು. ಆ ಅಕೀಕದ ಮನೆಯಲ್ಲಿ ನಾನು ಕಂಡ ಕೆಂಪು ಅಕ್ಷರದ ಮೂಲ ಅಲ್ಲಿದೆ.

ಅದು ದೊಡ್ಡ ವ್ಯಾಪಾರವಾದದ್ದು ಸೀಡಿ, ಡಿವಿಡಿಗಳು ಬಂದ ಮೇಲೆ. ‘ಯುವರ್ ಬೇಬಿ ಕ್ಯಾನ್ ರೀಡ್’ ಎಂಬ ಹೆಸರಿನ ವೀಡಿಯೋ ಮತ್ತು ಕಾರ್ಡುಗಳ ಪೆಟ್ಟಿಗೆಯನ್ನು ಅಲ್ಲಿ ಸುಮಾರು 200 ಡಾಲರಿಗೆ ಮಾರುತ್ತಿದ್ದರು. ಒಂಬತ್ತು ತಿಂಗಳ ಮಗುವೂ ಓದಲು ಕಲಿಯತೊಡಗುತ್ತದೆ ಎಂದು ಟಿವಿಯಲ್ಲಿ ಜಾಹೀರಾತು. 2012ರಲ್ಲಿ ಅಮೆರಿಕ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ ಈ ಮಾತಿಗೆ ಆಧಾರವಿಲ್ಲ, ಇದು ಜನರನ್ನು ತಪ್ಪುದಾರಿಗೆಳೆಯುವ ಜಾಹೀರಾತು ಎಂದು ಮೊಕದ್ದಮೆ ಹೂಡಿತು. ಕಂಪೆನಿ ಅದೇ ವರ್ಷ ಬಾಗಿಲು ಹಾಕಿತು. ಅಷ್ಟರಲ್ಲಿ ಮಾರಾಟವಾದ ಸರಕಿನ ಮೊತ್ತ 18 ಕೋಟಿ ಡಾಲರಿಗೂ ಮೀರಿತ್ತು.

ಮೊಕದ್ದಮೆಗಿಂತ ನಮಗೆ ಮುಖ್ಯವಾದದ್ದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸೂಸನ್ ನ್ಯೂಮನ್ ಮತ್ತು ಸಂಗಡಿಗರು 9ರಿಂದ 18 ತಿಂಗಳ 117 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ಇಂಥ ವೀಡಿಯೋ, ಕಾರ್ಡು, ಪುಸ್ತಕಗಳನ್ನು ಕೊಟ್ಟರು, ಇನ್ನೊಂದು ಗುಂಪಿಗೆ ಏನೂ ಇಲ್ಲ. ಏಳು ತಿಂಗಳು ಕಳೆಯಿತು. ಅಕ್ಷರದ ಹೆಸರು, ಅಕ್ಷರದ ಧ್ವನಿ, ಪದಗಳ ಗುರುತು, ಅರ್ಥ ಎಂದು ಒಟ್ಟು 14 ಬಗೆಯಲ್ಲಿ ಅಳೆದು ನೋಡಿದರು. 13ರಲ್ಲಿ ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಒಂದರಲ್ಲಿ ಮಾತ್ರ. ಅದು ಮಗುವಿನದಲ್ಲ, ತಂದೆತಾಯಿಯರದು. ಪೆಟ್ಟಿಗೆ ಪಡೆದ ತಂದೆತಾಯಿಯರು ತಮ್ಮ ಮಗು ಹೊಸ ಪದಗಳನ್ನು ಕಲಿಯುತ್ತಿದೆ ಎಂದು ನಂಬಿದ್ದರು.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ನಮ್ಮ ಮನೆಯಲ್ಲೂ ಹೀಗೇ ಆಗುತ್ತದೆ. ಪ್ರೀತಿಯ ಕಣ್ಣಿಗೆ ಮಗು ಮಾಡಿದ್ದೆಲ್ಲ ದೊಡ್ಡದಾಗಿ ಕಾಣುತ್ತದೆ. ಆ ಪ್ರೀತಿಯಲ್ಲಿ ತಪ್ಪಿಲ್ಲ, ಅದನ್ನು ಬಂಡವಾಳ ಮಾಡಿಕೊಳ್ಳುವವರಲ್ಲಿ ತಪ್ಪಿದೆ.

‘ಈಗ ಕಲಿಸದಿದ್ದರೆ ಮೆದುಳಿನ ಬಾಗಿಲು ಮುಚ್ಚಿಹೋಗುತ್ತದೆ’ ಎಂದು ಹೆದರಿಸುವವರೂ ಇದ್ದಾರೆ. ಮಾತಿನ ಧ್ವನಿಗಳ ವಿಷಯದಲ್ಲಿ ಇದರಲ್ಲಿ ಸ್ವಲ್ಪ ನಿಜವಿದೆ, ಮುಂದೆ ಹೇಳುತ್ತೇನೆ. ಓದಿನ ವಿಷಯದಲ್ಲಿ ಇಲ್ಲ. ಮನುಷ್ಯ ಬರವಣಿಗೆಯನ್ನು ಕಂಡುಹಿಡಿದು ಸುಮಾರು ಐದು ಸಾವಿರ ವರ್ಷವಾಗಿದೆ ಅಷ್ಟೆ, ಅದಕ್ಕಾಗಿ ಮೆದುಳಿನಲ್ಲಿ ಹುಟ್ಟುವಾಗಲೇ ಸಿದ್ಧವಿರುವ ಜಾಗವಿಲ್ಲ. ಫ್ರಾನ್ಸಿನ ವಿಜ್ಞಾನಿ ಸ್ತಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು ಬ್ರೆಜಿಲ್ ಹಾಗೂ ಪೋರ್ಚುಗಲ್‌ನಲ್ಲಿ, ದೊಡ್ಡವರಾದ ಮೇಲೆ ಅಕ್ಷರ ಕಲಿತವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಓದಿಗೆ ಸಂಬಂಧಿಸಿದ ಬದಲಾವಣೆಗಳು ಅವರಲ್ಲೂ ಕಂಡವು. ಬಾಗಿಲು ಮುಚ್ಚಿರಲಿಲ್ಲ. ಅರುವತ್ತರ ವಯಸ್ಸಿನಲ್ಲಿ ಕುರ್‌ಆನ್ ಓದಲು ಕಲಿತ ಹೆಂಗಸರು ನಿಮ್ಮ ಮೊಹಲ್ಲಾದಲ್ಲೂ ಇರಬಹುದು, ವಿಚಾರಿಸಿ ನೋಡಿ.

ಮೊದಲ ದಿವ್ಯವಾಣಿಯೇ ಓದಲು ಹೇಳಿತಲ್ಲವೇ ಎಂದು ಕೇಳುವ ತಂದೆಯರೂ ಇದ್ದಾರೆ. ಹೌದು. ಆದರೆ ಆಗ ಪ್ರವಾದಿಯವರಿಗೆ(ಸ) ನಲ್ವತ್ತು ವರ್ಷ. ತೊಟ್ಟಿಲಿನ ಕೂಸಿಗೆ ಕಾರ್ಡು ತೋರಿಸಲು ಅದನ್ನು ಆಧಾರ ಮಾಡಿಕೊಳ್ಳುವುದು ಸರಿಯಲ್ಲ.

ಬೇಗ ಓದಲು ಕಲಿತವರು ಕೊನೆಗೂ ಮುಂದೆಯೇ ಉಳಿಯುತ್ತಾರೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ನ್ಯೂಜಿಲೆಂಡ್‌ನಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತು ಸಂಗಡಿಗರು ಐದನೇ ವಯಸ್ಸಿಗೆ ಓದು ಶುರು ಮಾಡಿದ ಮಕ್ಕಳನ್ನೂ ಏಳನೇ ವಯಸ್ಸಿಗೆ ಶುರು ಮಾಡಿದ ಮಕ್ಕಳನ್ನೂ ಹೋಲಿಸಿದರು. ಹನ್ನೊಂದನೇ ವಯಸ್ಸಿಗೆ ಬರುವಷ್ಟರಲ್ಲಿ ಓದುವ ಸಾಮರ್ಥ್ಯದಲ್ಲಿ ಅವರ ನಡುವೆ ಅಂತರ ಉಳಿದಿರಲಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಶಾಲೆಯ ಒಂದನೇ ತರಗತಿಗೆ ಹೋಗುವುದೇ ಏಳನೇ ವಯಸ್ಸಿಗೆ.

ಓದಿನ ಬೇರು ಕಿವಿಯಲ್ಲಿದೆ

ಹಾಗಾದರೆ ಮೊದಲ ಮೂರು ವರ್ಷ ಏನೂ ಕಲಿಸಬಾರದೇ? ಕಲಿಸಬೇಕು, ಆದರೆ ಕಣ್ಣಿಗಲ್ಲ, ಕಿವಿಗೆ ಮತ್ತು ಬಾಯಿಗೆ. ಮುಂದೆ ಪುಸ್ತಕದಲ್ಲಿ ‘ಹೊಳೆ’ ಎಂದು ಓದಿದಾಗ ಅರ್ಥವಾಗಬೇಕಾದರೆ ‘ಹೊಳೆ’ ಎಂಬ ಮಾತು ಮಗುವಿನ ಒಳಗೆ ಮೊದಲೇ ಇರಬೇಕು. ಎಷ್ಟು ಮಾತು ಒಳಗಿದೆಯೋ ಅಷ್ಟು ಓದು ಮುಂದೆ ಹಗುರ.

ಮಾತು ಒಳಗೆ ಹೋಗುವುದು ಮನುಷ್ಯರ ಮೂಲಕ. ಅಮೆರಿಕದ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ಒಂಬತ್ತು ತಿಂಗಳ ಮಕ್ಕಳ ಜೊತೆ ಚೀನಿ ಭಾಷೆಯವರು ಹನ್ನೆರಡು ಸಲ ಕೂತು ಆಡಿದರು, ಪುಸ್ತಕ ತೋರಿಸಿ ಮಾತನಾಡಿದರು. ಚೀನಿ ಭಾಷೆಯ ಧ್ವನಿಗಳ ಸೂಕ್ಷ್ಮ ವ್ಯತ್ಯಾಸವನ್ನು ಆ ಮಕ್ಕಳು ಹಿಡಿದವು. ಬೇರೆ ಮಕ್ಕಳಿಗೆ ಅದೇ ಜನರ ಅದೇ ಮಾತನ್ನು ಟಿವಿ ಪರದೆಯಲ್ಲಿ ತೋರಿಸಿದರು. ಆ ಮಕ್ಕಳು ಏನೂ ಕಲಿಯಲಿಲ್ಲ. ಮುಖ ನೋಡುವ, ಮಗುವಿನ ಕೂಗಿಗೆ ಉತ್ತರ ಕೊಡುವ, ಮಗು ಕೈತೋರಿಸಿದ ಕಡೆ ತಾನೂ ನೋಡುವ ಒಬ್ಬ ಮನುಷ್ಯ ಬೇಕು. ಪರದೆಗೆ ಅದು ಬಾರದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷ ತುಂಬುವ ತನಕ ಕೂತು ನೋಡುವ ಟಿವಿ, ಫೋನು ಬೇಡ. 2ರಿಂದ 4 ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತದ ಮಕ್ಕಳ ವೈದ್ಯರ ಸಂಘದ ಮಾತೂ ಇದೇ. ‘ಕಲಿಕೆಯ ವೀಡಿಯೋ’ ಎಂದು ಹೆಸರಿಟ್ಟ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ.

ಒಂದೇ ಒಂದು ವಿನಾಯಿತಿ ಇದೆ, ಅದು ನಮ್ಮ ಅನೇಕ ಮನೆಗಳಿಗೆ ಬೇಕಾದದ್ದು. ತಂದೆ ಸೌದಿಯಲ್ಲೋ ದುಬೈಯಲ್ಲೋ ಇದ್ದು ವೀಡಿಯೋ ಕರೆ ಮಾಡಿದರೆ ಮಗುವಿಗೆ ತೋರಿಸಬಹುದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹದಿನೆಂಟು ತಿಂಗಳೊಳಗಿನ ಮಕ್ಕಳಿಗೂ ಇದನ್ನು ಒಪ್ಪಿದೆ. ಕಾರಣ ಸರಳ. ಪರದೆಯ ಆಚೆ ಇರುವವರು ಮಗುವಿಗೆ ಉತ್ತರ ಕೊಡುತ್ತಾರೆ. ಅಲ್ಲಿಂದ "ಏನು ತಿಂದೆ ಇವತ್ತು?" ಎಂದು ಕೇಳಿ, ಮಗು ಏನೋ ತೊದಲಿದ್ದಕ್ಕೆ ಕಾಯ್ದು, ಮತ್ತೆ ಕೇಳುವ ತಂದೆ ಸಾವಿರ ಕಾರ್ಡಿಗಿಂತ ಹೆಚ್ಚು ಕಲಿಸುತ್ತಾರೆ. ನೀವು ಪಕ್ಕದಲ್ಲಿ ಕೂತು, "ಉಪ್ಪ ಕೇಳ್ತಿದ್ದಾರೆ ನೋಡು" ಎಂದು ಸೇರಿಕೊಂಡರೆ ಇನ್ನೂ ಒಳ್ಳೆಯದು.

ಇಲ್ಲಿ ನನಗೆ ಬೇಸರ ತರಿಸುವ ಒಂದು ಸಂಗತಿ ಹೇಳಲೇಬೇಕು. ಮಗು ಬೇಗ ಇಂಗ್ಲಿಷ್ ಓದಲಿ ಎಂದು ಅನೇಕ ತಾಯಂದಿರು ಮನೆಮಾತನ್ನು ಬಿಟ್ಟು ಮಗುವಿನೊಂದಿಗೆ ಹರಕುಮುರುಕು ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ‘ಕಮ್ ಬೇಬಿ, ಈಟ್ ಬೇಬಿ, ನೋ ಬೇಬಿ.’ ಈ ಹತ್ತು ಪದ ಮುಗಿದ ಮೇಲೆ ಮುಂದೆ ಮಾತಿಲ್ಲ. ಕಥೆಯಿಲ್ಲ, ತಮಾಷೆಯಿಲ್ಲ, ಬೈಗುಳವೂ ಇಲ್ಲ. ಬ್ಯಾರಿಯೋ ಉರ್ದುವೋ ನವಾಯತಿಯೋ ಕನ್ನಡವೋ, ನಿಮಗೆ ನಿದ್ದೆಗಣ್ಣಿನಲ್ಲೂ ಬರುವ ಭಾಷೆಯಲ್ಲೇ ಮಗುವಿನೊಂದಿಗೆ ಮಾತನಾಡಿ. ಮೀನು ತೊಳೆಯುವಾಗ ಮೀನಿನ ಬಗ್ಗೆ, ಬಟ್ಟೆ ಒಣಹಾಕುವಾಗ ಬಟ್ಟೆಯ ಬಗ್ಗೆ, ಮಳೆ ಬಂದಾಗ ಮಳೆಯ ಬಗ್ಗೆ. ಒಂದು ಭಾಷೆಯಲ್ಲಿ ಮಾತು ಗಟ್ಟಿಯಾದರೆ ಎರಡನೆಯದಕ್ಕೆ ಅದೇ ಅಡಿಪಾಯ. ಎರಡು ಮೂರು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿಗೆ ಮಾತಿನ ತೊಂದರೆ ಬರುವುದಿಲ್ಲ.

ಓದು ಬಾರದ ಅಜ್ಜಿ, ದಾದಿಯರು ತಮ್ಮಿಂದ ಮಗುವಿಗೆ ಏನು ಪ್ರಯೋಜನ ಎಂದು ಹಿಂದೆ ಸರಿಯುವುದುಂಟು. ಮೂರು ವರ್ಷದ ಒಳಗಿನ ಮಗುವಿಗೆ ಅವರಿಗಿಂತ ಒಳ್ಳೆಯ ಶಿಕ್ಷಕಿ ಸಿಗುವುದು ಕಷ್ಟ. ಯೂನುಸ್ ನಬಿಯವರನ್ನು ಮೀನು ನುಂಗಿದ ಕಥೆ, ಇರುವೆಗಳ ಮಾತು ಕೇಳಿದ ಸುಲೈಮಾನ್ ನಬಿಯವರ ಕಥೆ, ತಾವು ಚಿಕ್ಕವರಿದ್ದಾಗ ನೆರೆ ಬಂದ ಕಥೆ, ಎಲ್ಲವೂ ಅವರಲ್ಲಿವೆ. ಹೇಳುವಂತೆ ಒತ್ತಾಯಿಸಿ.

ಜಾಣತನದ ಹಿಂದೆ ಅಡಗಿರುವ ತೊಂದರೆ

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ.

ಕೆಲವು ಮಕ್ಕಳು ಯಾರೂ ಕಲಿಸದೆಯೇ ಎರಡು, ಎರಡೂವರೆ ವರ್ಷಕ್ಕೆ ಅಕ್ಷರ, ಅಂಕಿಗಳನ್ನು ಹಿಡಿದುಬಿಡುತ್ತವೆ. ಬಸ್ಸಿನ ನಂಬರು, ಅಂಗಡಿಯ ಬೋರ್ಡು, ಔಷಧದ ಡಬ್ಬಿ, ಎಲ್ಲವನ್ನೂ ಓದುತ್ತವೆ. ಆದರೆ ಓದಿದ್ದರ ಅರ್ಥ ಅವಕ್ಕೆ ತಿಳಿದಿರುವುದಿಲ್ಲ. ವೈದ್ಯರು ಇದನ್ನು ಹೈಪರ್‌ಲೆಕ್ಸಿಯಾ ಎನ್ನುತ್ತಾರೆ, 1967ರಿಂದ ಈ ಹೆಸರು ಬಳಕೆಯಲ್ಲಿದೆ. ಇಂಥ ಮಕ್ಕಳಲ್ಲಿ ಕೆಲವರು ಮುಂದೆ ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಸಾಕಷ್ಟು ಮಕ್ಕಳಲ್ಲಿ ಇದು ಆಟಿಸಂ ಅಥವಾ ಮಾತಿನ ಬೆಳವಣಿಗೆಯ ತೊಂದರೆಯ ಜೊತೆ ಬರುತ್ತದೆ.

ಮನೆಯಲ್ಲಿ ಆಗುವುದೇನು? ಮಗು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ನೀರು ಬೇಕಾದರೆ ಕೇಳದೆ ಅಮ್ಮನ ಕೈಹಿಡಿದು ಎಳೆಯುತ್ತದೆ. ಆದರೆ ಎ ಯಿಂದ ಝೆಡ್ ತನಕ ತಪ್ಪಿಲ್ಲದೆ ಹೇಳುತ್ತದೆ, ನೂರರ ತನಕ ಎಣಿಸುತ್ತದೆ. ಮನೆಯವರು, "ಅವನು ತುಂಬಾ ಬುದ್ಧಿವಂತ, ತನ್ನದೇ ಲೋಕದಲ್ಲಿರುತ್ತಾನೆ" ಎಂದು ಹೆಮ್ಮೆ ಪಡುತ್ತಾರೆ. ಬಂದವರ ಎದುರು ಓದಿಸುತ್ತಾರೆ. ಇಂಥ ಮನೆಗಳನ್ನು ನಾನು ಕಂಡಿದ್ದೇನೆ. ಎರಡು ವರ್ಷಕ್ಕೆ ಸಿಗಬೇಕಾದ ಚಿಕಿತ್ಸೆ ಐದು ವರ್ಷಕ್ಕೆ ಶಾಲೆಯಿಂದ ದೂರು ಬಂದ ಮೇಲೆ ಶುರುವಾಗುತ್ತದೆ. ಕಳೆದುಹೋದ ಆ ಮೂರು ವರ್ಷಗಳು ಮಗುವಿಗೆ ತುಂಬ ದುಬಾರಿ.

ಆದ್ದರಿಂದ ಮಗುವಿಗೆ ಎಷ್ಟು ಅಕ್ಷರ ಬರುತ್ತದೆ ಎಂದು ಎಣಿಸುವ ಬದಲು ಇವನ್ನು ನೋಡಿ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗುತ್ತದೆಯೇ? ‘ಬಾಬಾ, ದಾದಾ’ ಎಂದು ತೊದಲುತ್ತದೆಯೇ? ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸುತ್ತದೆಯೇ? ಬೇಕಾದದ್ದನ್ನು ಕೇಳಲು ಮಾತ್ರವಲ್ಲ, ‘ಅಲ್ಲಿ ನೋಡು’ ಎಂದು ನಿಮಗೆ ತೋರಿಸಲೂ? ಅಷ್ಟು ಹೊತ್ತಿಗೆ ಕೆಲವು ಪದಗಳಾದರೂ ಬಂದಿವೆಯೇ? ಎರಡು ವರ್ಷಕ್ಕೆ ‘ಹಾಲು ಬೇಕು’, ‘ಅಪ್ಪ ಬಂದ್ರು’ ಎಂದು ಎರಡು ಪದ ತಾನಾಗಿ ಜೋಡಿಸುತ್ತದೆಯೇ? ಮೊದಲು ಬಂದಿದ್ದ ಮಾತು ನಿಂತುಹೋಗಿದ್ದರೆ ವಯಸ್ಸು ಯಾವುದೇ ಇರಲಿ, ಕಾಯಬೇಡಿ.

ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಎಂದಾದರೂ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಕಿವಿ ಸರಿಯಾಗಿ ಕೇಳದ ಮಗುವೂ ಕಣ್ಣಿನಿಂದ ಕಾರ್ಡುಗಳನ್ನು ಚೆನ್ನಾಗಿ ಗುರುತಿಸಬಲ್ಲದು. ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ತಂಡ ಮಕ್ಕಳನ್ನು ಪರೀಕ್ಷಿಸಿ, ಬೇಕಾದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತದೆ. ಖರ್ಚಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. ದೃಷ್ಟಿ ತಾಗಿದೆ ಎಂದು ನೀರು ಓದಿಸಿಕೊಂಡು ಬರುವವರು ಬರಲಿ, ದುಆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದೇ ವಾರ ವೈದ್ಯರ ಬಳಿಗೂ ಹೋಗಿ.

ಪುಸ್ತಕ ಯಾವಾಗ, ಅಕ್ಷರ ಯಾವಾಗ?

ಪುಸ್ತಕವನ್ನು ಹಸುಗೂಸಿನ ಕೈಗೇ ಕೊಡಬಹುದು. ಮಗುವಿಗೆ ಓದು ಕಲಿಸುವುದು ಬೇರೆ, ಮಗುವಿಗಾಗಿ ಓದುವುದು ಬೇರೆ. ಹುಟ್ಟಿದ ಮಗುವಿಗೆ ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರದ್ದೇ ಸ್ಪಷ್ಟ, ಅಂದರೆ ಎದೆಗಪ್ಪಿಕೊಂಡ ತಾಯಿಯ ಮುಖ. ಆಗ ನಿಮ್ಮ ದನಿಯೇ ಅದರ ಪುಸ್ತಕ. ಆರು ತಿಂಗಳಿನಿಂದ ದಪ್ಪ ರಟ್ಟಿನ ಚಿತ್ರಪುಸ್ತಕ ಕೊಡಿ, ಕಚ್ಚಲಿ, ಎಸೆಯಲಿ. ಒಂದು ವರ್ಷದ ನಂತರ ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರ ತೋರಿಸಿ ಮಾತನಾಡಿ. "ಇದು ಏನು? ಬೆಕ್ಕು. ನಮ್ಮ ಮನೆಗೆ ಬಂದ ಬೆಕ್ಕು ಯಾವ ಬಣ್ಣ ಇತ್ತು?" ಎಂದು ಮಗುವನ್ನು ಮಾತಿಗೆಳೆಯಿರಿ. ಪುಟದಲ್ಲಿರುವ ವಾಕ್ಯವನ್ನು ಪೂರ್ತಿ ಓದಲೇಬೇಕೆಂದಿಲ್ಲ, ಮಗು ಪುಟ ತಿರುಗಿಸಿದರೆ ತಿರುಗಿಸಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಚಿತ್ರಪುಸ್ತಕಗಳು ಕನ್ನಡದಲ್ಲೂ ಉರ್ದುವಿನಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ. ಅಕ್ಷರ ಬಾರದವರೂ ಚಿತ್ರ ನೋಡಿ ಕಥೆ ಕಟ್ಟಬಹುದು.

ಮೂರು ವರ್ಷಕ್ಕೆ ಕೈಗೆ ಪೆನ್ಸಿಲ್ ಬೇಡ. ಬೆರಳಿನ ಸ್ನಾಯು ಇನ್ನೂ ಬಲಿತಿರುವುದಿಲ್ಲ. ರೊಟ್ಟಿ ತಟ್ಟುವಾಗ ಒಂದು ಉಂಡೆ ಹಿಟ್ಟು ಕೊಡಿ. ಬಟಾಣಿ ಸುಲಿಯಲಿ, ಗುಂಡಿ ಹಾಕಲಿ, ಮರಳಿನಲ್ಲಿ ಗೀಚಲಿ. ಬಾಯಿಗೆ ಆಟ ಕೊಡಿ. ‘ಬಾ-ಳೆ-ಹ-ಣ್ಣು’ ಎಂದು ಒಂದೊಂದು ಧ್ವನಿಗೆ ಒಂದೊಂದು ಚಪ್ಪಾಳೆ ತಟ್ಟಿಸಿ. ಕನ್ನಡದಲ್ಲಿ ಅಕ್ಷರ ನಿಂತಿರುವುದು ಇಂಥ ತುಂಡುಗಳ ಮೇಲೆಯೇ, ಆದ್ದರಿಂದ ಕಿವಿಯಲ್ಲಿ ತುಂಡು ಮಾಡಲು ಬಂದ ಮಗುವಿಗೆ ಕಾಗುಣಿತ ಅಷ್ಟೊಂದು ಕಷ್ಟವಾಗದು.

ಅಕ್ಷರಕ್ಕೆ ನಾಲ್ಕರಿಂದ ಐದು ವರ್ಷ ಸರಿಯಾದ ಕಾಲ. ನಮ್ಮ ಹಿರಿಯರ ಲೆಕ್ಕವೂ ಹೆಚ್ಚುಕಡಿಮೆ ಇದೇ. ದಖನ್ನಿನ ಅನೇಕ ಮುಸ್ಲಿಮ್ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಮಾಡಿಸಿ ಅಕ್ಷರಕ್ಕೆ ಕೂರಿಸುವ ರೂಢಿ ಇತ್ತು. ಇದು ಧರ್ಮದ ವಿಧಿಯಲ್ಲ, ಊರಿನ ಸಂಪ್ರದಾಯ ಮಾತ್ರ. ಆದರೂ ಆ ವಯಸ್ಸನ್ನು ಆರಿಸಿದವರು ಮಕ್ಕಳನ್ನು ಹತ್ತಿರದಿಂದ ನೋಡಿದವರಿರಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಮದ್ರಸದಲ್ಲಿ ಅರಬಿ, ಬಲದಿಂದ ಎಡಕ್ಕೆ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಎಡದಿಂದ ಬಲಕ್ಕೆ. ಚಿಕ್ಕ ಮಗುವಿನ ಕಣ್ಣಿಗೆ ಎಡಬಲ ಎಂಬುದೇ ಇಲ್ಲ. ಲೋಟದ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಅದೇ ಲೋಟ. ಅಕ್ಷರಗಳಲ್ಲಿ ಮಾತ್ರ ಹಾಗಲ್ಲ. ಇಂಗ್ಲಿಷಿನ ‘ಬಿ’ ತಿರುಗಿದರೆ ‘ಡಿ’. ಅರಬಿಯ ಬಾ, ತಾ, ಸಾ ಮೂರಕ್ಕೂ ಒಂದೇ ದೋಣಿಯ ಆಕಾರ, ಚುಕ್ಕಿಯಷ್ಟೇ ಬೇರೆ. ಕನ್ನಡದ ಮ, ಯ ಎರಡನ್ನೂ ಬೆರೆಸುವ ಮಕ್ಕಳು ಎಷ್ಟೋ. ಐದಾರು ವರ್ಷದ ಮಗು ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದರೆ ಅದು ಸಹಜ, ಹೊಡೆಯಬೇಡಿ. ಮೂರನ್ನೂ ಒಂದೇ ತಿಂಗಳಲ್ಲಿ ಶುರು ಮಾಡಬೇಡಿ. ಒಂದರಲ್ಲಿ ಕೆಲವು ಅಕ್ಷರ ಗಟ್ಟಿಯಾದ ಮೇಲೆ ಇನ್ನೊಂದು. ಮದ್ರಸದ ಉಸ್ತಾದರಿಗೂ ಶಾಲೆಯ ಟೀಚರಿಗೂ ಮಗು ಎಲ್ಲಿದೆ ಎಂದು ನೀವೇ ತಿಳಿಸಿ. ಸೂರಾಗಳನ್ನು ಕೇಳಿ ಬಾಯಿಪಾಠ ಮಾಡುವುದಕ್ಕೆ ಅಕ್ಷರ ಬೇಕಾಗಿಲ್ಲ, ಅದು ಮೊದಲೇ ನಡೆಯಲಿ.

ಕನ್ನಡದ ಅಕ್ಷರ ಕಲಿಯಲು ಸಮಯ ಹಿಡಿಯುತ್ತದೆ ಎಂಬುದನ್ನೂ ತಿಳಿದಿರಿ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ಗುರುತುಗಳಾಗುತ್ತವೆ. ಕರ್ನಾಟಕದ ಶಾಲಾ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ನಾಲ್ಕನೇ ತರಗತಿಯ ತನಕವೂ ಮುಂದುವರಿಯುವುದು ಕಂಡುಬಂದಿದೆ. ಒಂದನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ದಡ್ಡ ಎನ್ನಬೇಡಿ. ಅದೇ ರೀತಿ ಮೂರು ವರ್ಷದ ಮಗು ತಾನಾಗಿ, "ಇದೇನು ಬರೆದಿದೆ?" ಎಂದು ಕೇಳಿದರೆ ಮುಚ್ಚಿಡಬೇಡಿ, ಹೇಳಿಕೊಡಿ. ಕೇಳಿದಷ್ಟು ಹೇಳಿ, ಸಾಕೆಂದಾಗ ನಿಲ್ಲಿಸಿ.

ಕಾರ್ಡಿಗೆ ಇಟ್ಟ ದುಡ್ಡು ಉಳಿಯಿತಲ್ಲ, ಅದನ್ನು ಮಗುವಿನ ತಟ್ಟೆಗೆ ಹಾಕಿ. ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕಬ್ಬಿಣದ ಅಂಶ ಕಡಿಮೆಯಾದ ಮಗು ಮಂಕಾಗಿರುತ್ತದೆ, ಗಮನ ನಿಲ್ಲುವುದಿಲ್ಲ, ಕಲಿಕೆ ಹಿಂದೆ ಬೀಳುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ನುಣ್ಣಗೆ ಮಾಡಿದ ಮಾಂಸ, ಮುಳ್ಳು ತೆಗೆದ ಮೀನು, ಮೊಟ್ಟೆ, ಬೇಳೆ, ಸೊಪ್ಪು, ರಾಗಿ ಕೊಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ, ಅವರು ಹೇಳಿದ ಅಳತೆಯಲ್ಲಿ. ಮಗುವಿಗೆ ಚಹಾ ಬೇಡವೇ ಬೇಡ, ಊಟದ ಕಬ್ಬಿಣ ಮೈಗೆ ಹಿಡಿಯದಂತೆ ಅದು ತಡೆಯುತ್ತದೆ. ನಿದ್ದೆಯನ್ನೂ ಕಡೆಗಣಿಸಬೇಡಿ. ಒಂದೆರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು.

ಆ ಅಕೀಕದ ಮನೆಯ ಅಜ್ಜಿಗೆ ನಾನು ಮೂರು ಪ್ರಶ್ನೆ ಕೇಳಿದ್ದೆ. ಹೆಸರು ಕರೆದರೆ ತಿರುಗುತ್ತಾನಾ? ಬೆರಳು ಮಾಡಿ ತೋರಿಸುತ್ತಾನಾ? ಎರಡು ಮಾತು ಜೋಡಿಸುತ್ತಾನಾ? ಅವರು ಉತ್ತರ ಕೊಡುವ ಮೊದಲೇ ಆ ಹುಡುಗ ಅವರ ಬಳೆ ಹಿಡಿದೆಳೆದು, ಕಿಟಕಿಯ ಆಚೆ ಗೋಡೆಯ ಮೇಲೆ ಕೂತಿದ್ದ ಕಾಗೆಯ ಕಡೆ ಬೆರಳು ಮಾಡಿ, "ಕಾಗೆ ಅನ್ನ ತಿಂತು" ಎಂದ. ಇನ್ನೊಂದು ಪ್ರಶ್ನೆ ಉಳಿದಿತ್ತು. "ಚಹಾ ಕೊಡುತ್ತೀರಾ ಉಮ್ಮಾ?" ಎಂದೆ. "ಬೆಳಿಗ್ಗೆ ಒಂಚೂರು, ರಸ್ಕಿನ ಜೊತೆ" ಎಂದರು ಅಳುಕುತ್ತಾ. ಅದೊಂದನ್ನು ನಿಲ್ಲಿಸಿ ಎಂದೆ.